ಪಿಂಗ್ ಸರಿ, ಡೌನ್‌ಲೋಡ್ ಮಾತ್ರ ಕುಂಟುತ್ತದೆ: ಒಂದು ಲಿನಕ್ಸ್ ಡೆಸ್ಕ್‌ಟಾಪ್‌ನ ಕೇಬಲ್ ಪ್ರಕರಣ

ದೂರು ಇಷ್ಟೇ: ನೆಟ್ ಇದೆ, ಆದರೆ ಕೆಲಸಕ್ಕೆ ಬರುತ್ತಿಲ್ಲ. ಸ್ನೇಹಿತರೊಬ್ಬರ ಲಿನಕ್ಸ್ ಡೆಸ್ಕ್‌ಟಾಪ್. ಮೂಲೆಯ ಐಕಾನ್ ಕನೆಕ್ಟೆಡ್ ಎನ್ನುತ್ತದೆ. ಹಗುರವಾದ ಪುಟಗಳು ತೆರೆಯುತ್ತವೆ, ಚಾಟ್ ಹೋಗುತ್ತದೆ, ಪಿಂಗ್ ಹೊಡೆದರೆ, ಅಂದರೆ ಒಂದು ಸಣ್ಣ ಪ್ರಶ್ನೆ ಕಳುಹಿಸಿ ಉತ್ತರ ಬರುತ್ತದೋ ನೋಡಿದರೆ, ಒಂದು ಪ್ಯಾಕೆಟ್ (ಡೇಟಾದ ತುಣುಕು) ಕೂಡ ಕಳೆಯುವುದಿಲ್ಲ. ಆದರೆ ಸಿಸ್ಟಮ್ ಅಪ್‌ಡೇಟ್ ಹಾಕಿದರೆ ತೆವಳುತ್ತದೆ, ನಡುವೆ ಪೂರ್ತಿ ನಿಲ್ಲುತ್ತದೆ, ಒಂದಷ್ಟು ಹೊತ್ತು ಬಿಟ್ಟು ಮತ್ತೆ ಹೊರಡುತ್ತದೆ. ಇನ್ನೊಂದು ಕಂಪ್ಯೂಟರಿಗೆ ಬ್ಯಾಕಪ್ ಹಾಕಿದರೂ ಅದೇ ಕತೆ. ಅದೇ ರೂಟರಿಗೆ ವೈಫೈನಲ್ಲಿ ಸೇರಿದ ಫೋನ್ ಮಾತ್ರ ಸೊಗಸಾಗಿ ಓಡುತ್ತದೆ.

ಜೋಡಣೆ ಸರಳ. ರೂಟರ್, ಅದರಿಂದ ಒಂದು ಸಣ್ಣ ಐದು ಪೋರ್ಟಿನ ಗಿಗಾಬಿಟ್ ಸ್ವಿಚ್, ಸ್ವಿಚ್‌ನಿಂದ ಮೇಜಿನ ಹಿಂದೆ ಹಾದು ಡೆಸ್ಕ್‌ಟಾಪ್‌ಗೆ ಒಂದು ಕೇಬಲ್. ಅದೇ ಸ್ವಿಚ್‌ಗೆ ಒಂದು ಲ್ಯಾಪ್‌ಟಾಪ್ ಕೂಡ ತಗುಲಿಕೊಂಡಿತ್ತು. ಪರೀಕ್ಷೆಗೆ ಅದು ತುಂಬಾ ಉಪಯೋಗಕ್ಕೆ ಬಂತು.

ನಾನು ನೋಡುವ ಹೊತ್ತಿಗೆ ಸಾಕಷ್ಟು ಚಿಕಿತ್ಸೆ ಆಗಿಹೋಗಿತ್ತು. ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್ಎಸ್ ಬದಲಿಸಿದ್ದರು. ಐಪಿವಿ6 ಆಫ್ ಮಾಡಿದ್ದರು. ಒಂದು ಪ್ಯಾಕೆಟ್ ಎಷ್ಟು ಬೈಟ್ ಇರಬಹುದು ಎನ್ನುವ ಮಿತಿಯಾದ ಎಂಟಿಯು 1500 ಇದ್ದದ್ದನ್ನು 1400ಕ್ಕೆ ಇಳಿಸಿದ್ದರು. ಲಿನಕ್ಸ್‌ನ ತಿರುಳಾದ ಕರ್ನಲ್ ಹೊಸದು ಹಾಕಿದ್ದರು. ಒಂದಕ್ಕೂ ಕಾಯಿಲೆ ಬಗ್ಗಲಿಲ್ಲ. ಇವೆಲ್ಲ ಎಲ್ಲಿಂದ ಬರುತ್ತವೆ ಅಂತ ಗೊತ್ತೇ ಇದೆ ಅಲ್ವಾ, ಯಾರಿಗೋ ಯಾವುದೋ ತೊಂದರೆಗೆ ಕೆಲಸ ಮಾಡಿದ ಮದ್ದನ್ನು ಎಲ್ಲ ತೊಂದರೆಗೂ ಕುಡಿಸುವುದು.

ಡಿಎನ್ಎಸ್ ಮೇಲೆ ಅನುಮಾನ ಬರಲು ಕಾರಣವೇ ಇರಲಿಲ್ಲ. ಡಿಎನ್ಎಸ್ ಕೆಟ್ಟರೆ ಪುಟ ತೆರೆಯಲು ಶುರುವಿನಲ್ಲೇ ತಡವಾಗುತ್ತದೆ ಅಥವಾ ತೆರೆಯುವುದೇ ಇಲ್ಲ. ಒಮ್ಮೆ ವಿಳಾಸ ಸಿಕ್ಕಿ ಡೌನ್‌ಲೋಡ್ ಶುರುವಾದ ಮೇಲೆ ಅದಕ್ಕೆ ಅಲ್ಲಿ ಕೆಲಸವಿಲ್ಲ. ಇಲ್ಲಿ ಶುರುವಾದ ಮೇಲೆ ಸಾಯುತ್ತಿತ್ತು. ಎಂಟಿಯು ವಿಷಯವನ್ನು ಒಂದೇ ಪಿಂಗ್‌ನಲ್ಲಿ ತೀರಿಸಬಹುದು. ಮೊದಲು ಎಂಟಿಯು ವಾಪಸ್ 1500ಕ್ಕೆ ತಂದೆವು. ಆಮೇಲೆ ಪ್ಯಾಕೆಟ್ ತುಂಡು ಮಾಡಬಾರದು ಎಂಬ ಆಯ್ಕೆ ಹಾಕಿ 1472 ಬೈಟ್‌ಗಳ ಪಿಂಗ್ ಕಳುಹಿಸಿದೆವು. ಐಪಿ ತಲೆಬರಹಕ್ಕೆ 20, ಪಿಂಗ್ ಬಳಸುವ ಐಸಿಎಂಪಿಗೆ 8, ಕೂಡಿಸಿದರೆ ಸರಿಯಾಗಿ 1500. ರೂಟರ್‌ವರೆಗೆ ಹೋಗಿ ಬಂತು. ಹಾಗಾಗಿ ಆ ಬಾಗಿಲೂ ಮುಚ್ಚಿತು.

ಮುಖ್ಯವಾದ ಸುಳಿವು ದೂರಿನಲ್ಲೇ ಇತ್ತು: ಪಕ್ಕದ ಲ್ಯಾಪ್‌ಟಾಪ್‌ಗೆ ಬ್ಯಾಕಪ್ ಕೂಡ ನಿಧಾನ. ಆ ದಾರಿಯಲ್ಲಿ ಇಂಟರ್ನೆಟ್ ಇಲ್ಲ, ರೂಟರ್ ಇಲ್ಲ, ಡಿಎನ್ಎಸ್ ಇಲ್ಲ. ಡೆಸ್ಕ್‌ಟಾಪ್, ಒಂದು ಕೇಬಲ್, ಸ್ವಿಚ್, ಇನ್ನೊಂದು ಕೇಬಲ್, ಲ್ಯಾಪ್‌ಟಾಪ್, ಅಷ್ಟೇ. ಹುಡುಕಬೇಕಾದ ಜಾಗ ಆಗಲೇ ಇಷ್ಟು ಚಿಕ್ಕದಾಗಿತ್ತು.

ಎಣಿಕೆಗಳು ಏನು ಹೇಳಿದವು

ಐಕಾನ್ ಹೇಳುವುದು ತುಂಬಾ ಕಡಿಮೆ. ಕೇಬಲ್‌ನಲ್ಲಿ ಸಿಗ್ನಲ್ ಇದೆ, ವಿಳಾಸ ಹಂಚುವ ವ್ಯವಸ್ಥೆಯಾದ ಡಿಎಚ್‌ಸಿಪಿಯಿಂದ ವಿಳಾಸ ಸಿಕ್ಕಿದೆ, ಇಷ್ಟಿದ್ದರೆ ಅದಕ್ಕೆ ತೃಪ್ತಿ. ಪ್ಯಾಕೆಟ್‌ಗಳು ಯಾವ ಸ್ಥಿತಿಯಲ್ಲಿ ಬಂದು ಸೇರುತ್ತಿವೆ ಎನ್ನುವುದು ಅದರ ತಲೆನೋವಲ್ಲ. ಅದನ್ನು ನೋಡಲು ಐಪಿ ಲಿಂಕ್ ಆಜ್ಞೆಗೆ ಅಂಕಿ ಅಂಶ ತೋರಿಸುವ ಚಿಕ್ಕ ಎಸ್ ಆಯ್ಕೆ ಕೊಡಬೇಕು. ಈ ಯಂತ್ರದ ಕಾರ್ಡಿಗೆ ಇಎನ್‌ಪಿ3ಎಸ್0 ಎಂಬ ಹೆಸರು. ಇಎನ್ ಎಂದರೆ ಈಥರ್ನೆಟ್, ಪಿ3 ಎಂದರೆ ಪಿಸಿಐ ಬಸ್ 3, ಎಸ್0 ಎಂದರೆ ಸ್ಲಾಟ್ 0. ಅದರ ಸ್ವೀಕೃತಿ ಸಾಲಿನಲ್ಲಿ ಎರರ್ ಎಂಬ ಅಂಕಣ ಸೊನ್ನೆ ಇರಲಿಲ್ಲ. ಸಾವಿರಗಳಲ್ಲಿತ್ತು.

ಒಂದು ದೊಡ್ಡ ಸಂಖ್ಯೆ ಕಂಡ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ, ಯಾವತ್ತೋ ಕೇಬಲ್ ಕಿತ್ತು ಹಾಕಿದಾಗ ಬಂದದ್ದೂ ಆಗಿರಬಹುದು. ಹಾಗಾಗಿ ಸುಮ್ನೆ ಬಿಟ್ಟು ನೋಡಿದೆವು. ಎಣಿಕೆ ನಿಂತಲ್ಲೇ ನಿಂತಿತ್ತು. ಪಿಂಗ್ ಹೊಡೆದೆವು, ಆಗಲೂ ಕದಲಲಿಲ್ಲ. ಒಂದು ದೊಡ್ಡ ಫೈಲ್ ಕಾಪಿ ಮಾಡಲು ಹಚ್ಚಿದ ಕೂಡಲೇ ಅದು ಓಡತೊಡಗಿತು. ನೆಟ್‌ವರ್ಕ್ ಕಾರ್ಡನ್ನು ವಿಚಾರಿಸುವ ಎತ್‌ಟೂಲ್ ಎಂಬ ಆಜ್ಞೆಗೆ ದೊಡ್ಡಕ್ಷರದ ಎಸ್ ಆಯ್ಕೆ ಕೊಟ್ಟರೆ ಕಾರ್ಡ್ ತಾನೇ ಇಟ್ಟ ವಿವರವಾದ ಲೆಕ್ಕ ಸಿಗುತ್ತದೆ. ಅಲ್ಲಿ ಏರುತ್ತಿದ್ದದ್ದು ಸಿಆರ್‌ಸಿ ಎರರ್. ತಂತಿಯ ಮೇಲೆ ಪ್ಯಾಕೆಟ್ ಹೊತ್ತು ಸಾಗುವ ಪ್ರತಿ ಈಥರ್ನೆಟ್ ಫ್ರೇಮಿನ ಕೊನೆಯಲ್ಲಿ 4 ಬೈಟ್‌ಗಳ ಒಂದು ತಾಳೆ ಸಂಖ್ಯೆ ಇರುತ್ತದೆ. ಬಂದ ಫ್ರೇಮಿಗೆ ಅದು ತಾಳೆಯಾಗದಿದ್ದರೆ ಕಾರ್ಡ್ ಅದನ್ನು ಎಸೆದು ಇಲ್ಲಿ ಒಂದು ಗೆರೆ ಹಾಕಿಕೊಳ್ಳುತ್ತದೆ.

ಸಿಆರ್‌ಸಿ ಎರರ್ ಕಂಡರೆ ಕೇಬಲ್ ಬದಲಿಸಿ ಎನ್ನುವುದು ವಾಡಿಕೆ. ಬಹಳ ಸಲ ಅದು ಸರಿಯೂ ಹೌದು. ಆದರೆ ಬರೀ ಕೇಬಲ್ ತೊಂದರೆಯಾದರೆ ಬಿಡಿ ಪ್ಯಾಕೆಟ್‌ಗಳಿಗೂ ಅಲ್ಲೊಂದು ಇಲ್ಲೊಂದು ಪೆಟ್ಟು ಬೀಳಬೇಕಿತ್ತು. ಇಲ್ಲಿ 1472 ಬೈಟ್‌ಗಳ ಪಿಂಗ್ ಎಷ್ಟು ಹೊತ್ತು ಓಡಿಸಿದರೂ ಒಂದೂ ಕಳೆಯಲಿಲ್ಲ. ಲೋಡ್ ಬಂದಾಗ ಮಾತ್ರ, ಅದೂ ಎರಡು ಕಡೆಯಿಂದಲೂ ಸಂಚಾರ ಇದ್ದಾಗ ಮಾತ್ರ ಫ್ರೇಮ್ ಕೆಡುವುದು ಬೇರೆಯದೇ ಕಾಯಿಲೆಯ ಲಕ್ಷಣ.

ಆಯ್ಕೆಗಳಿಲ್ಲದ ಬರೀ ಎತ್‌ಟೂಲ್ ಓಡಿಸಿದಾಗ ಬಂದದ್ದು ಇದು: ವೇಗ 100 ಮೆಗಾಬಿಟ್, ಡ್ಯುಪ್ಲೆಕ್ಸ್ ಫುಲ್, ಆಟೋ ನೆಗೋಷಿಯೇಷನ್ ಆಫ್, ಲಿಂಕ್ ಇದೆ. ಡ್ಯುಪ್ಲೆಕ್ಸ್ ಫುಲ್ ಎಂದರೆ ಕಳುಹಿಸುವುದೂ ಪಡೆಯುವುದೂ ಒಟ್ಟಿಗೆ, ಹಾಫ್ ಎಂದರೆ ಒಮ್ಮೆಗೆ ಒಂದೇ. ಎದುರಿನ ಪೋರ್ಟ್ ಏನು ಹೇಳಿಕೊಂಡಿದೆ ಎನ್ನುವ ಸಾಲುಗಳಲ್ಲಿ ಮಾಹಿತಿ ಇಲ್ಲ. ಗಿಗಾಬಿಟ್ ಕಾರ್ಡು, ಗಿಗಾಬಿಟ್ ಸ್ವಿಚ್ಚು, ನಡುವೆ 100. ಅನುಮಾನ ಅಲ್ಲಿಗೇ ಬರುತ್ತದೆ, ಆದರೆ ಅಸಲಿ ಕಳ್ಳ ವೇಗ ಅಲ್ಲ. 100 ಮೆಗಾಬಿಟ್ ಸರಿಯಾಗಿ ಓಡಿದರೆ ಸೆಕೆಂಡಿಗೆ 11 ಮೆಗಾಬೈಟ್‌ಗಿಂತ ಜಾಸ್ತಿ ಸಿಗಬೇಕು. ಕಳ್ಳ ಇರುವುದು ಮೂರನೆಯ ಮಾತಿನಲ್ಲಿ, ಆಟೋ ನೆಗೋಷಿಯೇಷನ್ ಆಫ್ ಎನ್ನುವಲ್ಲಿ.

ಒಂದು ಕಡೆ ಫುಲ್, ಇನ್ನೊಂದು ಕಡೆ ಹಾಫ್

ಆಟೋ ನೆಗೋಷಿಯೇಷನ್ ಎಂದರೆ ಕೇಬಲ್‌ನ ಎರಡು ತುದಿಗಳೂ ನಾನು ಇಷ್ಟು ಬಲ್ಲೆ, ನೀನು ಎಷ್ಟು ಬಲ್ಲೆ ಎಂದು ಮೊದಲೇ ಮಾತಾಡಿಕೊಳ್ಳುವುದು. 1995ರಲ್ಲಿ 100 ಮೆಗಾಬಿಟ್ ಈಥರ್ನೆಟ್ ಬಂದಾಗ 802.3ಯು ಮಾನದಂಡದಲ್ಲಿ ಇದೂ ಬಂತು. ಒಂದು ತುದಿಯಲ್ಲಿ ಇದನ್ನು ಆಫ್ ಮಾಡಿ 100 ಫುಲ್ ಎಂದು ಗಟ್ಟಿ ಮಾಡಿಬಿಟ್ಟರೆ ಆ ತುದಿ ಮಾತಾಡುವುದನ್ನೇ ನಿಲ್ಲಿಸುತ್ತದೆ. ಇನ್ನೊಂದು ತುದಿಯಲ್ಲಿರುವ ಸ್ವಿಚ್, ಪಾಪ, ಕಾಯುತ್ತದೆ. ಉತ್ತರವಿಲ್ಲ. ಸಿಗ್ನಲ್ ನೋಡಿ ವೇಗ 100 ಎಂದು ಅದಕ್ಕೆ ಗೊತ್ತಾಗುತ್ತದೆ. ಆದರೆ ಡ್ಯುಪ್ಲೆಕ್ಸ್ ಯಾವುದು ಎನ್ನುವುದನ್ನು ಸಿಗ್ನಲ್ ನೋಡಿ ತಿಳಿಯಲು ಸಾಧ್ಯವೇ ಇಲ್ಲ. ಅಂಥ ಸಂದರ್ಭದಲ್ಲಿ ಹಾಫ್ ಎಂದುಕೊಳ್ಳಬೇಕು ಎಂದು ಮಾನದಂಡವೇ ಹೇಳುತ್ತದೆ. ಅಂದರೆ ಸ್ವಿಚ್ ನಿಯಮದ ಪ್ರಕಾರವೇ ನಡೆದುಕೊಂಡಿದೆ. ಡೆಸ್ಕ್‌ಟಾಪ್ ಫುಲ್, ಸ್ವಿಚ್ ಹಾಫ್.

ಇಬ್ಬರು ಫೋನ್‌ನಲ್ಲಿ ಮಾತಾಡುತ್ತಿದ್ದಾರೆ ಅಂದುಕೊಳ್ಳಿ. ಒಬ್ಬರು ಎದುರಿನವರ ಮಾತು ನಡೆಯುತ್ತಿದ್ದರೂ ತಮ್ಮ ಮಾತನ್ನು ಶುರು ಮಾಡುತ್ತಾರೆ. ಇನ್ನೊಬ್ಬರು ಆ ಕಡೆಯಿಂದ ದನಿ ಕೇಳಿದ ತಕ್ಷಣ ಅರ್ಧ ವಾಕ್ಯದಲ್ಲೇ ನಿಲ್ಲಿಸುತ್ತಾರೆ, ಕೇಳಿದ್ದನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಡೌನ್‌ಲೋಡ್ ನಡೆಯುವಾಗ ಆಗುವುದು ಇದೇ. ಸ್ವಿಚ್‌ನಿಂದ ದೊಡ್ಡ ಫ್ರೇಮ್ ಬರುತ್ತಿರುತ್ತದೆ. ಡೆಸ್ಕ್‌ಟಾಪ್ ಹಿಂದಿನದಕ್ಕೆ ತಲುಪಿದೆ ಎಂಬ ಸಣ್ಣ ಉತ್ತರವನ್ನು ತನ್ನ ಪಾಡಿಗೆ ಕಳುಹಿಸುತ್ತದೆ, ಅದು ಫುಲ್ ಡ್ಯುಪ್ಲೆಕ್ಸ್, ಅದಕ್ಕೆ ಆ ಹಕ್ಕಿದೆ. ಸ್ವಿಚ್‌ಗೆ ಇದು ಡಿಕ್ಕಿಯಾಗಿ ಕಾಣುತ್ತದೆ. ಕಳುಹಿಸುತ್ತಿದ್ದ ಫ್ರೇಮನ್ನು ಅರ್ಧಕ್ಕೇ ಕತ್ತರಿಸುತ್ತದೆ. ಹಾಫ್ ಡ್ಯುಪ್ಲೆಕ್ಸ್‌ನಲ್ಲಿ ಡಿಕ್ಕಿ ಆಗುವುದಿದ್ದರೆ ಮೊದಲ 64 ಬೈಟ್‌ಗಳ ಒಳಗೆ ಆಗಬೇಕು, ಆಗಿದ್ದರೆ ಸ್ವಿಚ್ ತಾನೇ ಮತ್ತೆ ಕಳುಹಿಸುತ್ತದೆ. ಅದಾದ ಮೇಲೆ ಆದದ್ದಕ್ಕೆ ಲೇಟ್ ಕೊಲಿಷನ್ ಎಂದು ಹೆಸರು, ಅಂಥ ಫ್ರೇಮಿಗೆ ಮರುಪ್ರಯತ್ನದ ಖಾತರಿ ಇಲ್ಲ, ಸಾಮಾನ್ಯವಾಗಿ ಅದು ಹೋಯಿತು ಎಂದೇ ಲೆಕ್ಕ. ಕತ್ತರಿಸಿದ ತುಂಡು ಡೆಸ್ಕ್‌ಟಾಪ್‌ಗೆ ಬರುತ್ತದೆ, ತಾಳೆ ಸಂಖ್ಯೆ ಕೂಡುವುದಿಲ್ಲ, ಸಿಆರ್‌ಸಿ ಎರರ್ ಒಂದು ಏರುತ್ತದೆ. ಅದಕ್ಕೇ ಫುಲ್ ಇರುವ ಕಡೆ ಸಿಆರ್‌ಸಿ, ಹಾಫ್ ಇರುವ ಕಡೆ ಲೇಟ್ ಕೊಲಿಷನ್. ಈ ಜೋಡಿ ಕಂಡರೆ ಡ್ಯುಪ್ಲೆಕ್ಸ್ ತಾಳೆ ತಪ್ಪಿದೆ ಎಂದು ಹೆಚ್ಚು ಯೋಚಿಸದೆ ಹೇಳಬಹುದು.

ಇನ್ನು ಡೇಟಾ ತಲುಪಿತೋ ಎಂದು ಖಾತ್ರಿ ಮಾಡಿಕೊಳ್ಳುತ್ತಾ ಸಾಗಿಸುವ ಟಿಸಿಪಿಯ ಸ್ವಭಾವ. ಪ್ಯಾಕೆಟ್ ಕಳೆದರೆ ಅದು ದಾರಿಯಲ್ಲಿ ದಟ್ಟಣೆ ಎಂದು ತಿಳಿದು ವೇಗ ತಗ್ಗಿಸುತ್ತದೆ. ಲಿನಕ್ಸ್‌ನಲ್ಲಿ 2006ರಿಂದ ಡೀಫಾಲ್ಟ್ ಆಗಿರುವ ಕ್ಯೂಬಿಕ್ ಎಂಬ ವೇಗ ನಿಯಂತ್ರಣದ ವಿಧಾನ ಕೂಡ ಹೀಗೆಯೇ. ವೇಗ ಏರಿದಂತೆ ಡಿಕ್ಕಿ, ಡಿಕ್ಕಿಯಾದಂತೆ ಇಳಿಕೆ, ಕೆಲವೊಮ್ಮೆ ಟೈಮೌಟ್ ಆಗಿ ಪೂರ್ತಿ ಮೌನ. ನಿಂತು ನಿಂತು ಓಡುವ ಡೌನ್‌ಲೋಡ್ ಅಂದರೆ ಇದೇ. ಪಿಂಗ್ ಯಾಕೆ ಬಚಾವ್? ಅದು ಸೆಕೆಂಡಿಗೆ ಒಂದು ಪ್ಯಾಕೆಟ್. ಪ್ರಶ್ನೆ ಹೋಗಿ ಮುಟ್ಟಿದ ಮೇಲೆಯೇ ಉತ್ತರ ಹೊರಡುತ್ತದೆ. ಎರಡೂ ಒಟ್ಟಿಗೆ ತಂತಿಯ ಮೇಲೆ ಇರುವ ಪ್ರಸಂಗವೇ ಬರುವುದಿಲ್ಲ.

ಇದೆಲ್ಲ ಊಹೆ ಎಂದು ಯಾರಾದರೂ ಹೇಳಬಹುದು, ಯಾಕೆಂದರೆ ಈ ಸಣ್ಣ ಸ್ವಿಚ್‌ಗೆ ಲಾಗಿನ್ ಇಲ್ಲ, ಅದರ ಎಣಿಕೆ ಕೇಳುವ ದಾರಿ ಇಲ್ಲ. ಹಾಗಾಗಿ ಎರಡು ಯಂತ್ರಗಳ ನಡುವಿನ ವೇಗ ಅಳೆಯುವ ಐಪರ್ಫ್3 ತಂದೆವು. ಲ್ಯಾಪ್‌ಟಾಪ್‌ನಲ್ಲಿ ಸರ್ವರ್, ಡೆಸ್ಕ್‌ಟಾಪ್‌ನಲ್ಲಿ ಕ್ಲೈಂಟ್. ಟಿಸಿಪಿ ಹಾಕಿದರೆ ಎರಡೂ ದಿಕ್ಕಿನಲ್ಲಿ ಹೀನಾಯ. ಆಮೇಲೆ ಯುಡಿಪಿಗೆ ಬದಲಿಸಿ, ರಿವರ್ಸ್ ಆಯ್ಕೆ ಹಾಕಿ, ಲ್ಯಾಪ್‌ಟಾಪ್‌ನಿಂದ ಡೆಸ್ಕ್‌ಟಾಪ್ ಕಡೆಗೆ ಮಾತ್ರ 50 ಮೆಗಾಬಿಟ್ ಹರಿಸಿದೆವು. ಯುಡಿಪಿಯಲ್ಲಿ ತಲುಪಿದೆ ಎಂಬ ಉತ್ತರ ಹಿಂದಕ್ಕೆ ಹೋಗುವುದಿಲ್ಲ. ನಷ್ಟ ಹೆಚ್ಚುಕಡಿಮೆ ಇಲ್ಲವೇ ಇಲ್ಲ! ಅದೇ ಕೇಬಲ್, ಅದೇ ಕಾರ್ಡು, ಅದೇ ಪೋರ್ಟು. ಅದು ಓಡುತ್ತಿರುವಾಗಲೇ ಡೆಸ್ಕ್‌ಟಾಪ್‌ನಿಂದಲೂ ಒಂದು ಯುಡಿಪಿ ಹರಿವು ಹೊರಡಿಸಿದೆವು, ಎರಡೂ ಕುಸಿದವು. ಈ ಪರೀಕ್ಷೆ ನನಗೆ ತುಂಬಾ ಇಷ್ಟ. ತಂತಿ ಕೆಟ್ಟಿದ್ದರೆ ಒಂದು ದಿಕ್ಕಿನ ಹರಿವೂ ಕೆಡಬೇಕಿತ್ತು. ಡಿಕ್ಕಿ ಎಂದರೆ ಇಬ್ಬರು ಬೇಕೇ ಬೇಕು.

ಹಳೆಯ ಮದ್ದು ಎಲ್ಲಿ ಅಡಗಿತ್ತು

100 ಫುಲ್ ಎಂದು ಗಟ್ಟಿ ಮಾಡಿದ್ದು ಯಾರು? ಲಿನಕ್ಸ್ ತಾನಾಗಿ ಹೀಗೆ ಮಾಡುವುದಿಲ್ಲ. ಡಿಸ್ಕ್ ಮುಟ್ಟದೆ ಓಡುವ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿದಾಗ ಎತ್‌ಟೂಲ್ ಆಟೋ ನೆಗೋಷಿಯೇಷನ್ ಆನ್ ಎಂದು ತೋರಿಸಿತು. ಅಂದರೆ ಕಾರ್ಡಿನ ಗುಣ ಅಲ್ಲ, ಡಿಸ್ಕ್ ಮೇಲಿರುವ ಯಾವುದೋ ಸೆಟ್ಟಿಂಗ್. ಇಂಥದ್ದಕ್ಕೆ ಅಡಗುವ ಜಾಗಗಳು ಹಲವು. ಡೆಸ್ಕ್‌ಟಾಪ್‌ನ ನೆಟ್ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್‌ನ ಪ್ರೊಫೈಲ್, ಸಿಸ್ಟಮ್‌ಡಿಯ ಡಾಟ್ ಲಿಂಕ್ ಫೈಲ್, ಯುಡೆವ್ ನಿಯಮ, ಡೆಬಿಯನ್ ಬಳಗದಲ್ಲಾದರೆ ಹಳೆಯ ಇಂಟರ್ಫೇಸಸ್ ಫೈಲ್, ಅಥವಾ ಬೂಟ್ ಆಗುವಾಗ ಎತ್‌ಟೂಲ್ ಓಡಿಸುವ ಯಾರದೋ ಸ್ಕ್ರಿಪ್ಟ್. ಎಲ್ಲಿ ಅಂತ ಗೊತ್ತಿಲ್ಲದಿದ್ದರೆ ಇಟಿಸಿ ಡೈರೆಕ್ಟರಿಯಲ್ಲಿ ಡ್ಯುಪ್ಲೆಕ್ಸ್ ಎಂಬ ಪದವನ್ನು ಗ್ರೆಪ್‌ನಿಂದ ಹುಡುಕಿದರೆ ಸಾಕು.

ಇಲ್ಲಿ ಮೊದಲ ಜಾಗದಲ್ಲೇ ಸಿಕ್ಕಿತು. ನೆಟ್‌ವರ್ಕ್‌ಮ್ಯಾನೇಜರ್‌ನ ಆಜ್ಞೆಯಾದ ಎನ್ಎಂಸಿಎಲ್ಐನಲ್ಲಿ ಆ ಕನೆಕ್ಷನ್‌ನ ವಿವರ ತೆಗೆದಾಗ 802-3-ಈಥರ್ನೆಟ್ ವಿಭಾಗದಲ್ಲಿ ಸ್ಪೀಡ್ 100, ಡ್ಯುಪ್ಲೆಕ್ಸ್ ಫುಲ್, ಆಟೋ ನೆಗೋಷಿಯೇಟ್ ನೋ. ಒಂದು ಮಾತು ಗಮನಿಸಿ: ಆಟೋ ನೆಗೋಷಿಯೇಟ್ ನೋ ಎಂದಿರುವುದೇ ತಪ್ಪಲ್ಲ, ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ಅದು ಡೀಫಾಲ್ಟ್. ಸ್ಪೀಡ್ 0 ಆಗಿ ಡ್ಯುಪ್ಲೆಕ್ಸ್ ಖಾಲಿ ಇದ್ದರೆ ಅದು ಲಿಂಕ್ ಸೆಟ್ಟಿಂಗನ್ನು ಮುಟ್ಟುವುದೇ ಇಲ್ಲ, ಕಾರ್ಡ್ ತನ್ನ ಇಷ್ಟದಂತೆ ಇರುತ್ತದೆ. ನೋ ಜೊತೆಗೆ 100 ಮತ್ತು ಫುಲ್ ಸೇರಿದಾಗ ಮಾತ್ರ ಅನಾಹುತ.

ಸ್ನೇಹಿತರನ್ನು ಕೇಳಿದೆ. "ಹೌದು, ಮೊದಲು ನೆಟ್ ಪದೇಪದೇ ಹೋಗಿ ಬರುತ್ತಿತ್ತು, ಯಾರೋ ಇದನ್ನು ಹಾಕಲು ಹೇಳಿದರು, ಹಾಕಿದ ಮೇಲೆ ಹೋಗಿ ಬರುವುದು ನಿಂತೇಹೋಯಿತು" ಎಂದರು. ನಿಜವೇ. ನಿಂತಿತ್ತು. ಆಗ ಅವರು ಮಾಡುತ್ತಿದ್ದದ್ದು ಬರೀ ಮೇಲ್ ಓದುವುದು, ಪುಟ ನೋಡುವುದು. ಸಂಚಾರ ಕಡಿಮೆ ಇದ್ದಾಗ ಡ್ಯುಪ್ಲೆಕ್ಸ್ ತೊಂದರೆ ಕಣ್ಣಿಗೆ ಬೀಳುವುದಿಲ್ಲ. ಬ್ಯಾಕಪ್ ಶುರು ಮಾಡಿದ ಮೇಲೆ ಬಂದದ್ದನ್ನು ಹೊಸ ತೊಂದರೆ ಎಂದುಕೊಂಡರು. ಮದ್ದಿಗೂ ರೋಗಕ್ಕೂ ನಡುವೆ ಇಷ್ಟು ಸಮಯ ಕಳೆದಿದ್ದರೆ ಎರಡನ್ನೂ ಯಾರು ಜೋಡಿಸಿ ನೋಡುತ್ತಾರೆ ಹೇಳಿ.

ಸ್ಪೀಡ್ 0, ಡ್ಯುಪ್ಲೆಕ್ಸ್ ಖಾಲಿ, ಆಟೋ ನೆಗೋಷಿಯೇಟ್ ಯೆಸ್ ಮಾಡಿ ಕನೆಕ್ಷನ್ ಇಳಿಸಿ ಏರಿಸಿದೆವು. ಕೆಲವು ಸೆಕೆಂಡ್ ಏನೂ ಇಲ್ಲ. ಆಮೇಲೆ ಲಿಂಕ್ ಬಂತು. ಹೋಯಿತು. ಮತ್ತೆ ಬಂತು. ಹಳೆಯ ಕಾಯಿಲೆ ವಾಪಸ್!

ನಾನಂತೂ ಇದಕ್ಕೇ ಕಾಯುತ್ತಿದ್ದೆ. ಹೋಗಿ ಬರುವುದು ಮದ್ದಿಲ್ಲದೆ ವಾಸಿಯಾಗಿರುವ ಸಾಧ್ಯತೆ ಕಡಿಮೆ. ಸಿಸ್ಟಮ್ ದಾಖಲೆ ತೋರಿಸುವ ಜರ್ನಲ್‌ಸಿಟಿಎಲ್‌ಗೆ ಕರ್ನಲ್ ಸಂದೇಶ ಮಾತ್ರ ತೋರಿಸುವ ಕೆ ಆಯ್ಕೆ ಕೊಟ್ಟು ನೋಡಿದರೆ ಲಿಂಕ್ ಈಸ್ ಡೌನ್, ಲಿಂಕ್ ಈಸ್ ಅಪ್ ಎಂಬ ಸಾಲುಗಳ ಮೆರವಣಿಗೆ. ನಡುವೆ ಒಂದು ಬಂಗಾರದಂಥ ಸಾಲು: ಡೌನ್‌ಶಿಫ್ಟ್ ಆಗಿದೆ, ಒಪ್ಪಿಕೊಂಡ ವೇಗ 1 ಗಿಗಾಬಿಟ್, ನಿಜವಾದ ವೇಗ 100 ಮೆಗಾಬಿಟ್, ಕೇಬಲ್ ನೋಡಿ. ಕರ್ನಲ್ ಇಷ್ಟು ನೇರವಾಗಿ ಹೇಳುವುದು ಅಪರೂಪ. ಎಲ್ಲ ಕಾರ್ಡುಗಳ ಡ್ರೈವರ್ ಇದನ್ನು ಹೇಳುವುದಿಲ್ಲ, ಹಾಗಾಗಿ ಈ ಸಾಲು ಇಲ್ಲ ಎಂದರೆ ಕೇಬಲ್ ಚೆನ್ನಾಗಿದೆ ಎಂದು ಅರ್ಥವಲ್ಲ.

ಎಂಟು ತಂತಿಗಳಲ್ಲಿ ಯಾವುದು

ಕೇಬಲ್ ಒಳಗೆ ನಾಲ್ಕು ಜೋಡಿ ತಂತಿ. 100 ಮೆಗಾಬಿಟ್ ಬಳಸುವುದು ಎರಡೇ ಜೋಡಿ, ಪಿನ್ 1–2 ಮತ್ತು 3–6. ಗಿಗಾಬಿಟ್‌ಗೆ 4–5 ಮತ್ತು 7–8 ಕೂಡ ಬೇಕು. ಆಟೋ ನೆಗೋಷಿಯೇಷನ್‌ನ ಮಾತುಕತೆ ನಡೆಯುವುದು ಮೊದಲ ಎರಡು ಜೋಡಿಯಲ್ಲಿ. ಅಲ್ಲಿ ಎರಡೂ ತುದಿ ಗಿಗಾಬಿಟ್ ಎಂದು ಖುಷಿಯಿಂದ ಒಪ್ಪಿಕೊಳ್ಳುತ್ತವೆ, ಆಮೇಲೆ ನಾಲ್ಕೂ ಜೋಡಿಯಲ್ಲಿ ಓಡಲು ಹೋದಾಗ ಒಂದು ಜೋಡಿ ಕೈಕೊಡುತ್ತದೆ, ಲಿಂಕ್ ಬೀಳುತ್ತದೆ, ಮತ್ತೆ ಮೊದಲಿನಿಂದ ಮಾತುಕತೆ. ಕೆಲವು ಚಿಪ್‌ಗಳು ಒಂದಷ್ಟು ಸಲ ಸೋತ ಮೇಲೆ ತಾವೇ 100ಕ್ಕೆ ಇಳಿಯುತ್ತವೆ, ಅದೇ ಡೌನ್‌ಶಿಫ್ಟ್. ತಂತಿ ಪೂರ್ತಿ ತುಂಡಾಗಿದ್ದರೆ 100ರಲ್ಲೇ ನೆಮ್ಮದಿಯಾಗಿ ಇರುತ್ತಿತ್ತೇನೋ. ಇದು ಒಮ್ಮೆ ತಾಗಿ ಒಮ್ಮೆ ಬಿಡುವ ತಂತಿ. 100 ಎಂದು ಗಟ್ಟಿ ಮಾಡಿದಾಗ ಕೆಟ್ಟ ಜೋಡಿಯ ಅಗತ್ಯವೇ ಬೀಳಲಿಲ್ಲ, ಅದಕ್ಕೆ ಹೋಗಿ ಬರುವುದು ನಿಂತಿತ್ತು.

ಕರ್ನಲ್ 5.8ರಿಂದ ಎತ್‌ಟೂಲ್‌ನಲ್ಲಿ ಕೇಬಲ್ ಟೆಸ್ಟ್ ಎಂಬ ಸೌಲಭ್ಯ ಇದೆ. ಯಾವ ಜೋಡಿ ತುಂಡಾಗಿದೆ, ಎಷ್ಟು ಮೀಟರ್ ದೂರದಲ್ಲಿ ಎಂದೂ ಹೇಳಬಲ್ಲದು, ಆದರೆ ಚಿಪ್ ಮತ್ತು ಡ್ರೈವರ್ ಒಪ್ಪಬೇಕು. ಈ ಯಂತ್ರದಲ್ಲಿ ಒಪ್ಪಲಿಲ್ಲ. ದೀಪ ಮಿನುಗಿಸುವ ಅಗ್ಗದ ಟೆಸ್ಟರ್ ಇತ್ತು, ಅದು ಎಂಟೂ ದೀಪ ಹೊತ್ತಿಸಿ ಪಾಸ್ ಎಂದಿತು. ಅದನ್ನು ನಂಬಬೇಡಿ. ಆ ಕ್ಷಣದಲ್ಲಿ ತಂತಿ ತಾಗಿದ್ದರೆ ಅದಕ್ಕೆ ಎಲ್ಲ ಸರಿಯೇ. ಗಿಗಾಬಿಟ್ ಸಿಗ್ನಲ್ ಹೋಗುತ್ತದೋ ಇಲ್ಲವೋ ಎನ್ನುವುದನ್ನು ಅದು ನೋಡುವುದೇ ಇಲ್ಲ.

ಹಾಗಾಗಿ ಅದಲು ಬದಲು. ಡೆಸ್ಕ್‌ಟಾಪ್‌ನ ಕೇಬಲ್ ಕಿತ್ತು ಲ್ಯಾಪ್‌ಟಾಪ್‌ಗೆ, ಲ್ಯಾಪ್‌ಟಾಪ್‌ನದು ಡೆಸ್ಕ್‌ಟಾಪ್‌ಗೆ. ಸ್ವಿಚ್ ಪೋರ್ಟ್‌ಗಳು ಇದ್ದಲ್ಲೇ ಇರಬೇಕು, ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಏನೂ ತಿಳಿಯುವುದಿಲ್ಲ. ಅಂದರೆ ಸ್ವಿಚ್ ಕಡೆಯ ತುದಿಗಳನ್ನೂ ಅದಲು ಬದಲು ಮಾಡಬೇಕು. ತೊಂದರೆ ಕೇಬಲ್ ಜೊತೆಗೇ ಲ್ಯಾಪ್‌ಟಾಪ್‌ಗೆ ಹೋಯಿತು. ಡೆಸ್ಕ್‌ಟಾಪ್ ತಟ್ಟನೆ 1000 ಫುಲ್ ತೋರಿಸಿ ಅಲ್ಲೇ ನಿಂತಿತು. ಮೇಜನ್ನು ಸರಿಸಿ ನೋಡಿದಾಗ ಕೇಬಲ್ ಒಂದು ಕಡೆ ಕಾಲಿನ ಕೆಳಗೆ ಸಿಕ್ಕಿ ಚಪ್ಪಟೆಯಾಗಿತ್ತು. ಕೈಯಿಂದ ಅಲ್ಲಿ ಅದುಮಿದರೆ ಲಿಂಕ್ ಬೀಳುತ್ತಿತ್ತು, ಬಿಟ್ಟರೆ ಏಳುತ್ತಿತ್ತು.

ಹೊಸ ಕೇಬಲ್ ಹಾಕಿ ಐಪರ್ಫ್3 ಓಡಿಸಿದಾಗ ಎರಡೂ ದಿಕ್ಕಿನಲ್ಲಿ 940 ಮೆಗಾಬಿಟ್‌ನ ಆಸುಪಾಸು. ಗಿಗಾಬಿಟ್‌ನಲ್ಲಿ 1500 ಎಂಟಿಯು ಇಟ್ಟು ಟಿಸಿಪಿಗೆ ಸಿಗುವುದು ಅಷ್ಟೇ, ಉಳಿದದ್ದು ತಲೆಬರಹಗಳಿಗೆ ಹೋಗುತ್ತದೆ. ಸಿಆರ್‌ಸಿ ಎಣಿಕೆ ಅಲುಗಾಡಲಿಲ್ಲ.

ಕೇಬಲ್ ಗೋಡೆಯೊಳಗಿದ್ದು ಬದಲಿಸಲು ಆಗದಿದ್ದರೆ ಏನು ಮಾಡುವುದು ಎಂದು ಕೇಳಬಹುದು. ಆಗ 100ರಲ್ಲೇ ಓಡಿಸಬಹುದು, ಆದರೆ ಮಾತುಕತೆ ನಿಲ್ಲಿಸಿ ಅಲ್ಲ. ಆಟೋ ನೆಗೋಷಿಯೇಟ್ ಯೆಸ್ ಇಟ್ಟುಕೊಂಡೇ ಸ್ಪೀಡ್ 100, ಡ್ಯುಪ್ಲೆಕ್ಸ್ ಫುಲ್ ಹಾಕಬೇಕು. ಆಗ ನೆಟ್‌ವರ್ಕ್‌ಮ್ಯಾನೇಜರ್ ಅದೊಂದನ್ನೇ ಎದುರಿನವರಿಗೆ ಹೇಳಿಕೊಳ್ಳುತ್ತದೆ, ಸ್ವಿಚ್‌ಗೂ ಫುಲ್ ಎಂದು ಗೊತ್ತಾಗುತ್ತದೆ. ಪಾಪದ ಆ ಹಳೆಯ ಸಲಹೆಯಲ್ಲಿ ನೋ ಬದಲು ಯೆಸ್ ಇದ್ದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ, ಕೆಟ್ಟ ಕೇಬಲ್ ಮಾತ್ರ ಯಾರಿಗೂ ತಿಳಿಯದೆ ಉಳಿಯುತ್ತಿತ್ತು.

ಉಳಿದದ್ದು ಗುಡಿಸುವ ಕೆಲಸ. ಐಪಿವಿ6 ವಾಪಸ್ ಆನ್ ಮಾಡಿದೆವು. ಡಿಎನ್ಎಸ್ ಮಾತ್ರ ಹಟ ಹಿಡಿಯಿತು. ಡಿಎನ್ಎಸ್ ವಿಳಾಸ ಬರೆದಿಡುವ ರೆಸಾಲ್ವ್ ಡಾಟ್ ಕಾನ್ಫ್ ಫೈಲನ್ನು ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ತಿದ್ದಲು ಹೋದರೂ ಅನುಮತಿ ಇಲ್ಲ ಎನ್ನುತ್ತಿತ್ತು. ಎಲ್‌ಎಸ್ಎಟಿಟಿಆರ್ ಆಜ್ಞೆಯಲ್ಲಿ ನೋಡಿದರೆ ಐ ಗುರುತು ಇತ್ತು, ಅಂದರೆ ಯಾರೂ ಬದಲಿಸದಂತೆ ಫೈಲಿಗೆ ಬೀಗ. ಅದೂ ಅದೇ ದಿನಗಳ ಇನ್ನೊಂದು ಸಲಹೆ. ಸಿಎಚ್ಎಟಿಟಿಆರ್‌ನಿಂದ ಆ ಗುರುತು ತೆಗೆದು, ಫೈಲನ್ನು ಮತ್ತೆ ಸಿಸ್ಟಮ್‌ನ ಕೈಗೆ ಕೊಟ್ಟೆವು.